ಕೊಯ್ಲಿನ ತಿಂಗಳಲ್ಲಿ ಸೆಮಿಸ್ಟರ್ ಪರೀಕ್ಷೆ: ಕೊಪ್ಪ ಸೀಮೆಯ ದಂಪತಿಗಳ ಓದು

ಮದುವೆಯಾಗಿ, ಕೆಲಸಕ್ಕೂ ಸೇರಿದ ಮೇಲೆ ಎಂ.ಎ., ಎಂ.ಕಾಂ., ಬಿ.ಇಡಿ. ಅಥವಾ ಪಿಎಚ್.ಡಿ. ಓದುವುದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಈಗ ಅಪರೂಪವಲ್ಲ. ಶಾಲಾ ಶಿಕ್ಷಕರು, ಪದವಿ ಕಾಲೇಜಿನ ಅತಿಥಿ ಉಪನ್ಯಾಸಕರು, ಸಹಕಾರ ಸಂಘ ಮತ್ತು ಬ್ಯಾಂಕಿನ ನೌಕರರು, ಪಂಚಾಯಿತಿ ಕಚೇರಿಯ ಸಿಬ್ಬಂದಿ ಇಂಥ ಓದಿಗೆ ಕೈಹಾಕುತ್ತಾರೆ. ಅನೇಕ ಮನೆಗಳಲ್ಲಿ ಗಂಡ ಅಥವಾ ಹೆಂಡತಿ ಒಬ್ಬರು ಓದುತ್ತಾರೆ, ಕೆಲವು ಮನೆಗಳಲ್ಲಿ ಇಬ್ಬರೂ ಓದುತ್ತಾರೆ. ಇಬ್ಬರೂ ದುಡಿಯುತ್ತಾರೆ, ಜೊತೆಗೆ ತೋಟವೂ ಇರುತ್ತದೆ. ಸೆಮಿಸ್ಟರಿನ ಮೊದಲ ಎರಡು ತಿಂಗಳು ಇದೆಲ್ಲ ಹೇಗೋ ಹೊಂದಿಕೊಂಡು ಹೋಗುತ್ತದೆ. ಕೊನೆಯ ಐದಾರು ವಾರಗಳು ಬಂದಾಗ ಮನೆಯ ಗಂಟೆಗಳ ಲೆಕ್ಕವೆಲ್ಲ ಬಿಗಿಯಾಗುತ್ತದೆ.

ಓದು ಬೇಕಾಗುವ ಕಾರಣಗಳು ಸ್ಪಷ್ಟ. ಪದವಿಪೂರ್ವ ಕಾಲೇಜಿನ ಉಪನ್ಯಾಸಕ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕಗಳೂ ಬಿ.ಇಡಿ. ಪದವಿಯೂ ಬೇಕು. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯ ಮೇಲೆ ಎನ್‌ಇಟಿ, ಕೆ-ಸೆಟ್ ಅಥವಾ ಪಿಎಚ್.ಡಿ. ಇರಬೇಕು. ಈ ಸೀಮೆಯಲ್ಲಿ ಇನ್ನೊಂದು ಕಾರಣವೂ ಇದೆ, ಅದು ತೋಟದ ಕಡೆಯಿಂದ ಬಂದದ್ದು. ಹಳದಿ ಎಲೆ ರೋಗ ದಶಕಗಳಿಂದ ಶೃಂಗೇರಿ, ಕೊಪ್ಪದ ಅಡಿಕೆ ತೋಟಗಳನ್ನು ಸವೆಸುತ್ತ ಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಅದಕ್ಕೆ ಸೇರಿಕೊಂಡಿದೆ. ಒಂದೆರಡು ಎಕರೆ ತೋಟವನ್ನೇ ನಂಬಿ ಮಕ್ಕಳನ್ನು ಓದಿಸುವ ಧೈರ್ಯ ಕುಗ್ಗಿದಾಗ, ಸಂಬಳವನ್ನು ಮೇಲಿನ ಮೆಟ್ಟಿಲಿಗೆ ಏರಿಸುವ ಪದವಿಯ ಕಡೆ ದಂಪತಿಗಳು ನೋಡುವುದು ಸಹಜ.

ಓದುವ ದಾರಿಗಳು ಮೂರು. ಮೊದಲನೆಯದು ಕಾಲೇಜಿಗೆ ಹೋಗಿ ಓದುವ ರೆಗ್ಯುಲರ್ ದಾರಿ. ಕೊಪ್ಪಕ್ಕೆ ಹೊಂದಿಕೊಂಡ ಬಾಳಗಡಿಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇರುವುದರಿಂದ ಪದವಿಯವರೆಗಿನ ಓದು ಮನೆಯ ಹತ್ತಿರವೇ ಸಿಗುತ್ತದೆ. ಸ್ನಾತಕೋತ್ತರ ಓದಿಗೆ ಆಯ್ಕೆ ಹೆಚ್ಚಿರುವುದು ದೂರದಲ್ಲಿ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ವ್ಯಾಪ್ತಿಯ ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಆರಂಭವಾಯಿತು. ಅದರ ಜ್ಞಾನಸಹ್ಯಾದ್ರಿ ಆವರಣ ಇರುವುದು ಭದ್ರಾವತಿ ಸಮೀಪದ ಶಂಕರಘಟ್ಟದಲ್ಲಿ. ಕೊಪ್ಪದಿಂದ ತೀರ್ಥಹಳ್ಳಿಯ ಮೇಲೆ ಶಿವಮೊಗ್ಗಕ್ಕೇ ಎಂಬತ್ತು ಕಿಲೋಮೀಟರಿಗಿಂತ ಹೆಚ್ಚು ದೂರ, ಶಂಕರಘಟ್ಟ ಅದರಾಚೆ. ದಿನವೂ ಹೋಗಿ ಬರುವುದು ಕೆಲಸದಲ್ಲಿರುವವರಿಗೆ ಆಗದ ಮಾತು. ಹೀಗಾಗಿ ರೆಗ್ಯುಲರ್ ಓದು ಎಂದರೆ ಒಬ್ಬರು ಎರಡು ವರ್ಷ ಮನೆಬಿಟ್ಟು ಹಾಸ್ಟೆಲಿನಲ್ಲೋ ಬಾಡಿಗೆ ಕೋಣೆಯಲ್ಲೋ ಇರುವುದು, ಇನ್ನೊಬ್ಬರು ಊರಿನಲ್ಲಿ ಎಲ್ಲವನ್ನೂ ನಿಭಾಯಿಸುವುದು. ಸಂಸ್ಕೃತದ ವಿದ್ಯಾರ್ಥಿಗಳಿಗೆ ಮಾತ್ರ ಇಲ್ಲೊಂದು ಅನುಕೂಲವಿದೆ: ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಪರಿಸರ ಶೃಂಗೇರಿಯಲ್ಲೇ ಇದ್ದು, ಶಾಸ್ತ್ರಿಯಿಂದ ಆಚಾರ್ಯ ಮತ್ತು ಸಂಶೋಧನೆಯವರೆಗೆ ಅಲ್ಲಿ ಓದಬಹುದು.

ಎರಡನೆಯದು ದೂರಶಿಕ್ಷಣ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿದ್ದು ಇಂಥವರಿಗಾಗಿಯೇ. ಟಪಾಲಿನಲ್ಲಿ ಪಾಠ ತರಿಸಿಕೊಂಡು ಓದಿ ಪದವಿ ಪಡೆದ ಶಿಕ್ಷಕರು ಮಲೆನಾಡಿನ ಶಾಲೆಗಳಲ್ಲಿ ಒಂದು ತಲೆಮಾರು ತುಂಬ ಇದ್ದರು. ಆ ಸಂಸ್ಥೆಯ ಮುಂದುವರಿಕೆಯಾಗಿ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಬಂತು. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, 1985ರದು. ಸೇರುವ ಮುನ್ನ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ಎಂದು ಆಯಾ ವರ್ಷಕ್ಕೇ ನೋಡಿಕೊಳ್ಳುವುದು ಅತ್ಯಗತ್ಯ. ರಾಜ್ಯ ಮುಕ್ತ ವಿವಿಯ ಮಾನ್ಯತೆ 2013–14ರಿಂದ ಮುಂದಕ್ಕೆ ಇಲ್ಲವಾಗಿ, 2018ರಲ್ಲಿ ಮರಳಿ ಸಿಗುವವರೆಗೆ ಅಲ್ಲಿನ ವಿದ್ಯಾರ್ಥಿಗಳು ಪಟ್ಟ ಪಾಡು ಇನ್ನೂ ನೆನಪಿನಿಂದ ಮಾಸಿಲ್ಲ.

ಮೂರನೆಯದು ಕೆಲಸದಲ್ಲಿದ್ದುಕೊಂಡೇ ಮಾಡುವ ಅರೆಕಾಲಿಕ ಪಿಎಚ್.ಡಿ. ಯುಜಿಸಿಯ 2022ರ ನಿಯಮಾವಳಿ ಇದಕ್ಕೆ ಅವಕಾಶ ಕೊಟ್ಟಿದೆ. ಆದರೆ ಕೆಲಸ ಕೊಟ್ಟ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಸಂಶೋಧನೆಗೆ ಸಾಕಷ್ಟು ಸಮಯ ಸಿಗುವಂಥ ಕೆಲಸ ಇದು ಎಂದೂ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್ ಮುಗಿಸಲು ಕೆಲಸದಿಂದ ಬಿಡುಗಡೆ ಮಾಡುತ್ತೇವೆಂದೂ ಆ ಪತ್ರದಲ್ಲಿ ಬರೆದಿರಬೇಕು. ಸರ್ಕಾರಿ ನೌಕರರಾದರೆ ಯಾವ ಓದಿಗೂ ಇಲಾಖೆಯ ಪೂರ್ವಾನುಮತಿ ಪಡೆಯುವುದು ಕ್ರಮ. ಅದಿಲ್ಲದೆ ಪಡೆದ ಪದವಿ ಬಡ್ತಿಯ ಹೊತ್ತಿಗೆ ತಕರಾರಿಗೆ ಸಿಲುಕಬಹುದು.

ಇನ್ನು ಒಂದು ಸೆಮಿಸ್ಟರ್ ನಿಜವಾಗಿ ಎಷ್ಟು ಹೊತ್ತನ್ನು ಕೇಳುತ್ತದೆ ಎಂಬುದು. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಕ್ರೆಡಿಟ್ ಎಂದರೆ ತರಗತಿ, ಓದು, ಬರಹ, ಪರೀಕ್ಷೆ ಎಲ್ಲ ಸೇರಿ 30 ಗಂಟೆಯ ಕಲಿಕೆ. ವರ್ಷಕ್ಕೆ 40 ಕ್ರೆಡಿಟ್, ಸೆಮಿಸ್ಟರಿಗೆ 20. ಅಂದರೆ ಸೆಮಿಸ್ಟರಿಗೆ 600 ಗಂಟೆ. ಹದಿನೇಳು ವಾರಕ್ಕೆ ಹಂಚಿದರೆ ವಾರಕ್ಕೆ 35 ಗಂಟೆ. ಇದು ಪೂರ್ಣಾವಧಿ ಕೆಲಸದಷ್ಟೇ ಹೊತ್ತು. ಈ ಲೆಕ್ಕವನ್ನು ಸೇರುವ ದಿನವೇ ಮಾಡಿ ನೋಡುವವರು ಕಡಿಮೆ. ಮೊದಲ ವಾರಗಳಲ್ಲಿ ಓದದೆ ಬಿಟ್ಟ ಗಂಟೆಗಳು ಎಲ್ಲಿಗೂ ಹೋಗುವುದಿಲ್ಲ, ಕೊನೆಯ ವಾರಗಳಲ್ಲಿ ಬಂದು ಸೇರುತ್ತವೆ.

ಮನೆಗೆಲಸದ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟರೆ ವಿಷಯ ತಿಳಿಯಾಗುತ್ತದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡಿದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಹಾಗೆ ಮಾಡಿದ ಪುರುಷರು ಕೊಟ್ಟದ್ದು 97 ನಿಮಿಷ. ಮನೆಗೆಲಸಕ್ಕೆ ಕೈಹಾಕಿದವರೇ ಮಹಿಳೆಯರಲ್ಲಿ ಶೇ 81 ಮಂದಿ, ಪುರುಷರಲ್ಲಿ ಶೇ 26 ಮಂದಿ. ದಿನಕ್ಕೆ 299 ನಿಮಿಷ ಎಂದರೆ ವಾರಕ್ಕೆ 35 ಗಂಟೆ. ಒಂದು ಸೆಮಿಸ್ಟರ್ ವಾರಕ್ಕೆ ಕೇಳುವಷ್ಟೇ ಹೊತ್ತು! ಇದು ಇಡೀ ದೇಶದ ಎಲ್ಲ ಬಗೆಯ ಮನೆಗಳ ಸರಾಸರಿ; ಹೊರಗೆ ದುಡಿಯುವ ಮಹಿಳೆಯ ಪಾಲು ಸ್ವಲ್ಪ ಕಡಿಮೆ ಇರಬಹುದು. ಆದರೂ ದಿಕ್ಕು ಬದಲಾಗುವುದಿಲ್ಲ. ವಾರದಲ್ಲಿರುವುದು 168 ಗಂಟೆ. ದುಡಿಮೆಗೆ 48, ಮನೆಗೆಲಸಕ್ಕೆ 35, ಓದಿಗೆ 35, ನಿದ್ದೆಗೆ ದಿನಕ್ಕೆ ಏಳರಂತೆ 49 ಎಂದು ಕೂಡಿದರೆ 167 ಆಗುತ್ತದೆ. ಊಟ, ಸ್ನಾನ, ಬಸ್ಸಿನ ಪ್ರಯಾಣ, ಮಗುವಿನ ಜ್ವರ, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವುದು, ನೆಂಟರ ಮನೆಯ ಗೃಹಪ್ರವೇಶ, ಇಷ್ಟಕ್ಕೂ ಉಳಿಯುವುದು ಒಂದು ಗಂಟೆ. ಹೆಂಡತಿ ಓದಲು ಕೂತ ಮನೆಯಲ್ಲಿ ಮನೆಗೆಲಸ ಕೈ ಬದಲಾಗದಿದ್ದರೆ ಆ ಓದು ನಿದ್ದೆಯಿಂದಲೇ ಕದ್ದದ್ದಾಗಿರುತ್ತದೆ. ಎಷ್ಟೇ ಜಾಣತನದ ವೇಳಾಪಟ್ಟಿಯೂ ಈ ಕೂಡುಲೆಕ್ಕವನ್ನು ಬದಲಿಸಲಾರದು. ಬದಲಿಸಬಲ್ಲದ್ದು ಮನೆಯಲ್ಲಿರುವ ಇನ್ನೊಬ್ಬರು ಮಾತ್ರ.

ಮಲೆನಾಡಿನಲ್ಲಿ ಇದರ ಮೇಲೆ ತೋಟದ ಪಂಚಾಂಗವೂ ಕೂರುತ್ತದೆ. ಬೆಸ ಸೆಮಿಸ್ಟರುಗಳ ಪರೀಕ್ಷೆ ಸಾಮಾನ್ಯವಾಗಿ ಡಿಸೆಂಬರಿನಿಂದ ಫೆಬ್ರುವರಿಯೊಳಗೆ, ಸರಿ ಸೆಮಿಸ್ಟರುಗಳದ್ದು ಜೂನಿನಿಂದ ಆಗಸ್ಟಿನೊಳಗೆ ಬರುತ್ತದೆ. ಪ್ರವೇಶ ತಡವಾದ ವರ್ಷ ಇದೂ ಮುಂದಕ್ಕೆ ಜಾರುತ್ತದೆ. ಇಗ್ನೋ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರಿನವು. ಎನ್‌ಇಟಿ ಪರೀಕ್ಷೆಯ ಎರಡು ಸುತ್ತುಗಳಿಗೂ ಜೂನ್, ಡಿಸೆಂಬರ್ ಎಂದೇ ಹೆಸರು. ಈ ಎರಡು ಕಾಲವೂ ತೋಟದಲ್ಲಿ ಪುರುಸೊತ್ತು ಇಲ್ಲದ ಕಾಲ.

ಅಕ್ಟೋಬರಿನಿಂದ ಜನವರಿಯವರೆಗೆ ಅಡಿಕೆ ಕೊಯ್ಲು. ಒಂದೇ ಸಲಕ್ಕೆ ಮುಗಿಯುವುದಿಲ್ಲ, ತಿಂಗಳು ಒಂದೂವರೆ ತಿಂಗಳ ಅಂತರದಲ್ಲಿ ಮೂರ್ನಾಲ್ಕು ಸಲ ಕೊನೆ ತೆಗೆಯಬೇಕು. ತೆಗೆದ ಹಸಿ ಅಡಿಕೆ ಕಾಯುವುದಿಲ್ಲ. ಒಂದೆರಡು ದಿನದಲ್ಲಿ ಸುಲಿದು, ಹಂಡೆಯಲ್ಲಿ ಚೊಗರು ಹಾಕಿ ಬೇಯಿಸಿ, ಅಂಗಳಕ್ಕೋ ಚಪ್ಪರಕ್ಕೋ ಏರಿಸಿ ಒಣಗಿಸಲೇಬೇಕು. ಮೋಡ ಕಂಡರೆ ಓಡಿ ಮುಚ್ಚಬೇಕು. ಕೊನೆ ತೆಗೆಯುವವರು ಸಿಗುವ ದಿನವೇ ಕೊಯ್ಲಿನ ದಿನ. ಮರುದಿನ ಮನೆಯವರಿಗೆ ಪರೀಕ್ಷೆ ಇದೆ ಎಂದು ಅದನ್ನು ಮುಂದೂಡಲಾಗದು. ಸುಲಿಯುವ ಯಂತ್ರಗಳೂ ಉದ್ದನೆಯ ದೋಟಿಗಳೂ ಬಂದಮೇಲೆ ರಾತ್ರಿಯಿಡೀ ಮೆಟ್ಟುಗತ್ತಿಯ ಮುಂದೆ ಕೂರುವುದು ಕಡಿಮೆಯಾಗಿದೆ, ಆದರೆ ಬೇಯಿಸುವ ಮತ್ತು ಒಣಗಿಸುವ ನಿಗಾ ಈಗಲೂ ಮನೆಯವರದ್ದೇ. ಕಾಫಿ ಇರುವವರಿಗೆ ನವೆಂಬರಿನಿಂದ ಅರೇಬಿಕಾ ಹಣ್ಣು, ಅದು ಮುಗಿಯುವ ಹೊತ್ತಿಗೆ ರೊಬಸ್ಟಾ. ಕೊಯ್ದ ಹಣ್ಣನ್ನು ಅಳೆದು, ಆಳುಗಳ ಲೆಕ್ಕ ಬರೆದು, ಕಣಕ್ಕೆ ಹರಡುವ ಹೊತ್ತಿಗೆ ಕತ್ತಲಾಗಿರುತ್ತದೆ.

ಜೂನ್ ಬಂದರೆ ಇನ್ನೊಂದು ಬಗೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ ಆಗಬೇಕು, ನಲವತ್ತು ನಲವತ್ತೈದು ದಿನದ ಮೇಲೆ ಮಳೆಯ ಬಿಡುವು ನೋಡಿ ಎರಡನೆಯದು. ಕೆಲವರು ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿಸುತ್ತಾರೆ. ಶೃಂಗೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ನರಸಿಂಹರಾಜಪುರದ ಕಡೆ ಹೋದಂತೆ ಅದು ಗಣನೀಯವಾಗಿ ಇಳಿಯುತ್ತದೆ. ಜೋರು ಮಳೆಯಲ್ಲಿ ಮರ ಬಿದ್ದು ಕರೆಂಟು ಹೋದರೆ ಎಷ್ಟು ದಿನಕ್ಕೆ ಬರುತ್ತದೋ ಹೇಳಲಾಗದು, ಮೊಬೈಲ್ ಗೋಪುರಗಳೂ ಅದರ ಹಿಂದೆಯೇ ಮೌನವಾಗುತ್ತವೆ. ನಿಬಂಧವನ್ನು ಆನ್‌ಲೈನಿನಲ್ಲಿ ಸಲ್ಲಿಸಲು, ಪರೀಕ್ಷಾ ಶುಲ್ಕ ಕಟ್ಟಲು, ಪ್ರವೇಶ ಪತ್ರ ಇಳಿಸಿಕೊಳ್ಳಲು ಕೊನೆಯ ದಿನ ಕಾಯುವುದು ಬಯಲುಸೀಮೆಯಲ್ಲಿ ಬರಿ ಸೋಮಾರಿತನವಾದರೆ ಇಲ್ಲಿ ಅಪಾಯ. ದಿನಾಂಕಕ್ಕೆ ಒಂದು ವಾರ ಮೊದಲೇ ಇವನ್ನೆಲ್ಲ ಕೊಪ್ಪದ ಪೇಟೆಯಲ್ಲಿ ಕೂತು ಮುಗಿಸಿಬಿಡುವುದು ಬುದ್ಧಿವಂತಿಕೆ.

ಬಸ್ಸಿನ ವಿಷಯವನ್ನೂ ಹೇಳಲೇಬೇಕು. ಮುಚ್ಚಿಹೋದ ಶಂಕರ್ ಬಸ್ ಕಂಪನಿಯ ನೌಕರರೇ ಕೂಡಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಾರಿಗೆ ಸಹಕಾರ ಸಂಘದ ಬಸ್ಸುಗಳು ಮೂರು ದಶಕ ಈ ಸೀಮೆಯ ಹಳ್ಳಿಹಳ್ಳಿಗೆ ಓಡಿದವು, ವಿದ್ಯಾರ್ಥಿಗಳಿಗೆ ರಿಯಾಯಿತಿಯನ್ನೂ ಕೊಟ್ಟವು. ಜನ ಪ್ರೀತಿಯಿಂದ ‘ಸಹಕಾರ ಸಾರಿಗೆ’ ಎಂದು ಕರೆಯುತ್ತಿದ್ದ ಆ ಬಸ್ಸುಗಳು ಸಾಲದ ಭಾರ ತಾಳದೆ 2020ರ ಫೆಬ್ರುವರಿಯಲ್ಲಿ ನಿಂತವು. ಕಾರ್ಮಿಕರೇ ಒಡೆಯರಾಗಿ ನಡೆಸಿದ ಇಂಥದೊಂದು ಸಂಸ್ಥೆ ಉಳಿಯದೆ ಹೋದದ್ದು ಮಲೆನಾಡಿಗೆ ದೊಡ್ಡ ನಷ್ಟ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿದ್ದರೂ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸೇ ಗತಿಯಾದ ದಾರಿಗಳಲ್ಲಿ ಅದರ ಪ್ರಯೋಜನ ಸಿಗದು. ಬೆಳಿಗ್ಗೆ ಹತ್ತಕ್ಕೆ ಶಿವಮೊಗ್ಗದಲ್ಲೋ ಚಿಕ್ಕಮಗಳೂರಿನಲ್ಲೋ ಪರೀಕ್ಷೆ ಇದ್ದರೆ ಹಳ್ಳಿಯ ಮನೆಯಿಂದ ಮೊದಲ ಬಸ್ಸಿಗೆ ಹೊರಟರೂ ಸಮಯಕ್ಕೆ ಮುಟ್ಟುವ ಖಾತ್ರಿ ಇಲ್ಲ. ಹಾಗಾಗಿ ಹಿಂದಿನ ಸಂಜೆಯೇ ಹೋಗಿ ನೆಂಟರ ಮನೆಯಲ್ಲಿ ಉಳಿಯುವುದು ರೂಢಿ. ಒಂದು ದಿನದ ಪರೀಕ್ಷೆ ಹೀಗೆ ಎರಡು ದಿನದ ರಜೆಯನ್ನು ತಿನ್ನುತ್ತದೆ. ಐದು ಪತ್ರಿಕೆಗಳ ನಡುವೆ ಒಂದೊಂದು ದಿನ ಬಿಡುವು ಕೊಟ್ಟಿದ್ದರೆ ಹತ್ತು ದಿನ ಊರು ಬಿಟ್ಟಂತೆಯೇ. ದೂರಶಿಕ್ಷಣ ಸಂಸ್ಥೆಗಳು ಪರೀಕ್ಷಾ ಕೇಂದ್ರಗಳನ್ನು ತಾಲ್ಲೂಕು ಮಟ್ಟಕ್ಕೆ ತಂದರೆ ಬೇರೆ ಯಾವ ಸೌಲಭ್ಯಕ್ಕಿಂತಲೂ ಹೆಚ್ಚು ಉಪಕಾರ ಮಾಡಿದಂತಾಗುತ್ತದೆ.

ಇಬ್ಬರೂ ಒಟ್ಟಿಗೆ ಓದಬೇಕೋ, ಸರದಿಯಲ್ಲೋ ಎಂಬುದು ದಂಪತಿ ಮೊದಲು ತೀರ್ಮಾನಿಸಬೇಕಾದ ಸಂಗತಿ. ಇಗ್ನೋ ಎಂ.ಎ.ಯನ್ನು ಕನಿಷ್ಠ ಎರಡು, ಗರಿಷ್ಠ ನಾಲ್ಕು ವರ್ಷದಲ್ಲಿ ಮುಗಿಸಬಹುದು. 80 ಕ್ರೆಡಿಟಿನ ಕೋರ್ಸು ಎಂದರೆ 2,400 ಗಂಟೆ. ಎರಡು ವರ್ಷಕ್ಕೆ ಹಂಚಿದರೆ ವಾರಕ್ಕೆ ಸುಮಾರು 23 ಗಂಟೆ, ನಾಲ್ಕಕ್ಕೆ ಹಂಚಿದರೆ ಹನ್ನೊಂದೂವರೆ. ಇಬ್ಬರೂ ಎರಡೇ ವರ್ಷದಲ್ಲಿ ಮುಗಿಸುತ್ತೇವೆಂದು ಹೊರಟರೆ ಮನೆ ವಾರಕ್ಕೆ 46 ಗಂಟೆ ಕೊಡಬೇಕು, ಅದೂ ಇಬ್ಬರಿಗೂ ಒಂದೇ ವಾರದಲ್ಲಿ ಪರೀಕ್ಷೆ. ಒಬ್ಬರು ಓದಿ ಮುಗಿಸಿದ ಮೇಲೆ ಇನ್ನೊಬ್ಬರು ಸೇರಿದರೂ, ಇಬ್ಬರೂ ನಿಧಾನವಾಗಿ ನಾಲ್ಕು ವರ್ಷ ಓದಿದರೂ ವಾರದ ಹೊರೆ 23 ಗಂಟೆಯೇ. ಮೇಲ್ನೋಟಕ್ಕೆ ಎರಡೂ ಒಂದೇ ಅನ್ನಿಸಿದರೂ ಸರದಿಯ ದಾರಿಯಲ್ಲಿ ಒಂದು ತೊಡಕಿದೆ: ಮೊದಲ ಸರದಿ ಬಹುಪಾಲು ಗಂಡನಿಗೇ ಹೋಗುತ್ತದೆ. ಎರಡು ವರ್ಷ ಕಳೆಯುವ ಹೊತ್ತಿಗೆ ಮಗು, ಮನೆ ಕಟ್ಟುವ ಸಾಲ, ವಯಸ್ಸಾದ ತಂದೆತಾಯಿ ಎಂದು ಹೆಂಡತಿಯ ಸರದಿ ಮುಂದೆ ಮುಂದೆ ಹೋಗಿ ಕೊನೆಗೆ ಬಾರದೇ ಇರಬಹುದು. ಸರದಿಯ ದಾರಿಯನ್ನೇ ಹಿಡಿಯುವುದಾದರೆ ಹೆಂಡತಿಯ ಓದು ಮೊದಲಾಗುವುದು ಹೆಚ್ಚು ನ್ಯಾಯ. ಮುಂದೂಡಿದರೆ ಕಳೆದುಹೋಗುವ ಸಂಭವ ಹೆಚ್ಚಿರುವುದು ಅವಳದ್ದೇ. ಎನ್‌ಇಟಿ ಬರೆದು ಸಂಶೋಧನಾ ವೇತನ ಪಡೆಯುವ ಗುರಿ ಇರುವವರಿಗೆ ವಯಸ್ಸಿನ ಮಿತಿಯೂ ಇದೆ ಎಂಬುದನ್ನು ಮರೆಯಬಾರದು.

ಮಗು ಹುಟ್ಟುವ ವರ್ಷದ ಓದಿಗೆ ನಿಯಮಗಳಲ್ಲಿ ಸ್ವಲ್ಪ ಆಸರೆ ಇದೆ. ಪಿಎಚ್.ಡಿ. ಮಾಡುವ ಮಹಿಳೆಯರಿಗೆ ಸಂಶೋಧನೆಯ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನೆಯ ರಜೆ ಸಿಗುತ್ತದೆ. ಪ್ರಬಂಧ ಸಲ್ಲಿಸಲು ಎಲ್ಲರಿಗೂ ಆರು ವರ್ಷ, ಮರುನೋಂದಣಿ ಮಾಡಿಸಿದರೆ ಇನ್ನೆರಡು. ಮಹಿಳೆಯರಿಗೆ ಅದರ ಮೇಲೂ ಎರಡು ವರ್ಷದ ಸಡಿಲಿಕೆ ಇದ್ದು ಒಟ್ಟು ಹತ್ತು ವರ್ಷ ದಾಟುವಂತಿಲ್ಲ. ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ, ಹಾಜರಿಯಲ್ಲಿ ವಿನಾಯಿತಿ, ಶುಲ್ಕ ಕಟ್ಟುವ ದಿನಾಂಕದಲ್ಲಿ ಸಡಿಲಿಕೆ ಕೊಡಲು ನಿಯಮ ಮಾಡಿಕೊಳ್ಳಿ ಎಂದು ಯುಜಿಸಿ 2021ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳಿಗೆ ಬರೆದಿದೆ. ಶೇ 75 ಹಾಜರಿಯ ಭಯದಿಂದ ಎಂ.ಎ. ಬಿಟ್ಟುಬಿಡುವ ಮುನ್ನ ತಮ್ಮ ವಿಶ್ವವಿದ್ಯಾಲಯ ಇದನ್ನು ಹೇಗೆ ಜಾರಿ ಮಾಡಿದೆ ಎಂದು ವಿಭಾಗದ ಮುಖ್ಯಸ್ಥರಲ್ಲಿ ಲಿಖಿತವಾಗಿ ಕೇಳುವ ಹಕ್ಕು ವಿದ್ಯಾರ್ಥಿನಿಗೆ ಇದೆ.

ಹೊರದೇಶಗಳಿಗೆ ಹೋದ ಮಲೆನಾಡಿನ ದಂಪತಿಗಳ ಕಟ್ಟುಪಾಡು ಬೇರೆ. ಅಮೆರಿಕದಲ್ಲಿ ಎಫ್-1 ವೀಸಾದ ವಿದ್ಯಾರ್ಥಿ ತರಗತಿಗಳು ನಡೆಯುವಾಗ ಆವರಣದೊಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಅವರ ಸಂಗಾತಿ ಎಫ್-2 ವೀಸಾದಲ್ಲಿದ್ದರೆ ಸಂಬಳದ ಕೆಲಸವನ್ನೇ ಮಾಡುವಂತಿಲ್ಲ. ಅಲ್ಲಿ ಕೊರತೆಯಾಗುವುದು ಹೊತ್ತಲ್ಲ, ಹಣ ಮತ್ತು ಜನ. ಹೆರಿಗೆಗೋ ಪರೀಕ್ಷೆಗೋ ಊರಿನಿಂದ ಅಮ್ಮ ಅಥವಾ ಅತ್ತೆ ವಿಮಾನ ಹತ್ತಿ ಬಂದು ಇರುವುದು ಅಲ್ಲಿನ ಕನ್ನಡ ಮನೆಗಳಲ್ಲಿ ಮಾಮೂಲು.

ಮತ್ತೆ ಊರಿನ ಓದಿಗೆ ಬಂದರೆ, ಕೊನೆಯ ವಾರಗಳ ಕ್ರಮ ಇಲ್ಲಿನ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಹೆಚ್ಚುಕಡಿಮೆ ಒಂದೇ: ಎರಡನೇ ಆಂತರಿಕ ಪರೀಕ್ಷೆ, ನಿಬಂಧ, ಸೆಮಿನಾರು, ಪರೀಕ್ಷಾ ಅರ್ಜಿ, ಆಮೇಲೆ ಮೂರು ಗಂಟೆಯ ಪತ್ರಿಕೆಗಳು. ಇವುಗಳಲ್ಲಿ ನಿಬಂಧ, ಸೆಮಿನಾರುಗಳನ್ನು ಮುಂಚೆಯೇ ಮುಗಿಸಲು ಸಾಧ್ಯ, ಆದರೆ ಬಹಳ ಜನ ಉಳಿಸಿಕೊಳ್ಳುವುದೂ ಅವನ್ನೇ. ನಿಬಂಧಗಳನ್ನು ಕೊಯ್ಲು ಶುರುವಾಗುವ ಮುಂಚೆ, ನವರಾತ್ರಿಯ ರಜೆಯಲ್ಲಿ ಬರೆದಿಟ್ಟರೆ ಡಿಸೆಂಬರಿನಲ್ಲಿ ಉಳಿಯುವುದು ಪರೀಕ್ಷೆಯ ಓದು ಮಾತ್ರ. ಒಂದು ಪತ್ರಿಕೆ ಉಳಿದುಹೋದರೆ ಅದರ ಬೆಲೆ ದೊಡ್ಡದು. ಬೆಸ ಸೆಮಿಸ್ಟರಿನ ಪತ್ರಿಕೆಯನ್ನು ಮುಂದಿನ ಬೆಸ ಸೆಮಿಸ್ಟರಿನ ಜೊತೆಗೇ ಬರೆಯಬೇಕಾದ ಕಡೆ ಇಡೀ ವರ್ಷ ಕಾಯಬೇಕಾಗುತ್ತದೆ. ಐದೂ ಪತ್ರಿಕೆಗೆ ಅರೆಬರೆ ಓದುವುದಕ್ಕಿಂತ, ದೂರಶಿಕ್ಷಣದಲ್ಲಿ ಅವಕಾಶವಿದ್ದರೆ, ಮೂರನ್ನೇ ಆರಿಸಿಕೊಂಡು ಸರಿಯಾಗಿ ಬರೆದು ಎರಡನ್ನು ಮುಂದಿನ ಸುತ್ತಿಗೆ ಇಟ್ಟುಕೊಳ್ಳುವುದು ಮೇಲು.

ನಾಲ್ಕನೇ ಸೆಮಿಸ್ಟರಿನಲ್ಲಿ ಕಿರುಪ್ರಬಂಧ ಇರುವ ಕೋರ್ಸುಗಳಲ್ಲಿ ವಿಷಯದ ಆಯ್ಕೆಯೇ ಅರ್ಧ ಹೊರೆ ಇಳಿಸಬಲ್ಲದು. ದೂರದ ನಗರದ ಮಾಹಿತಿ ಬೇಡುವ ವಿಷಯ ಹಿಡಿದವರು ರಜೆಯೆಲ್ಲ ಅಲೆಯುತ್ತಾರೆ. ವಾಣಿಜ್ಯದವರಿಗೆ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಸಾಲ ವಸೂಲಿ, ಅರ್ಥಶಾಸ್ತ್ರದವರಿಗೆ ಎಲೆಚುಕ್ಕಿ ರೋಗ ಬಂದ ಮೇಲಿನ ಸಣ್ಣ ಹಿಡುವಳಿಗಳ ಆದಾಯ, ಸಮಾಜಶಾಸ್ತ್ರದವರಿಗೆ ಕಾಫಿ ತೋಟದ ಕೂಲಿಲೈನಿನ ಬದುಕು, ಕನ್ನಡದವರಿಗೆ ಅಡಿಕೆ ಕೃಷಿಯ ಪದಕೋಶ, ಇವೆಲ್ಲ ಮನೆಯಿಂದ ನಡೆದುಹೋಗುವ ದೂರದಲ್ಲೇ ಇವೆ. ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನ ಬಳಿ 1925ರಿಂದ ನಡೆಯುತ್ತಿರುವ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ, ಶೃಂಗೇರಿಯಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಇದೆ. ಕೊಯ್ಲಿನ ಅಂಗಳದಲ್ಲೇ ಪ್ರಶ್ನಾವಳಿ ಹಿಡಿದು ಕೂತು ಮಾಹಿತಿ ಸಂಗ್ರಹಿಸಬಹುದಾದ ಇಂಥ ವಿಷಯಗಳಿಗೆ ಸಂಗಾತಿಯ ನೆರವೂ ಸುಲಭವಾಗಿ ಸಿಗುತ್ತದೆ: ಲೆಕ್ಕ ತಾಳೆ ನೋಡುವುದು, ನೆರೆಯವರನ್ನು ಮಾತಾಡಿಸುವುದು, ಟೈಪು ಮಾಡಿದ ಪುಟಗಳ ತಪ್ಪು ತಿದ್ದುವುದು. ಮಾರ್ಗದರ್ಶಕರ ಸಹಿ, ಬೈಂಡಿಂಗ್ ಮತ್ತು ಮೌಖಿಕ ಪರೀಕ್ಷೆಗೆ ಜಿಲ್ಲಾ ಕೇಂದ್ರಕ್ಕೋ ವಿಶ್ವವಿದ್ಯಾಲಯದ ಆವರಣಕ್ಕೋ ಎರಡು ಮೂರು ಸಲ ಹೋಗುವುದು ಮಾತ್ರ ತಪ್ಪದು. ಅದಕ್ಕಾಗಿ ಸಾಂದರ್ಭಿಕ ರಜೆಯಲ್ಲಿ ನಾಲ್ಕು ದಿನವನ್ನು ವರ್ಷದ ಆರಂಭದಲ್ಲೇ ಎತ್ತಿಟ್ಟುಕೊಳ್ಳಬೇಕು.